ಚಲಚ್ಚಿತ್ರ ಹಾಸ್ಯದಲ್ಲಿ ಪುನರಾವೃತ್ತಿ ಮತ್ತು ಪ್ರೇಕ್ಷಕರ ಬೇಸರ: ನರಸಿಂಹರಾಜು ಅವರ ಅಭಿನಯವನ್ನು ಕುರಿತು ಒಂದು ವಿವೇಚನೆ

೧

ಹಾಸ್ಯನಟನೊಬ್ಬನನ್ನು ಮೊದಲ ಸಲ ಕಂಡಾಗ ಹೊಟ್ಟೆ ಹುಣ್ಣಾಗುವಂತೆ ನಕ್ಕ ಪ್ರೇಕ್ಷಕನೇ, ಅದೇ ನಟನ ಅದೇ ಚೇಷ್ಟೆಯನ್ನು ಹತ್ತನೆಯ ಸಲ ಕಂಡಾಗ ಮುಖ ತಿರುಗಿಸುವುದುಂಟು. ‘ಇವನದು ಯಾವಾಗಲೂ ಇಷ್ಟೇ’ ಎಂಬ ಮಾತು ಆಗ ಸಹಜವಾಗಿ ಹೊರಡುತ್ತದೆ. ಮಾತು ಚಿಕ್ಕದು, ಆದರೆ ಅದರೊಳಗೆ ಒಂದು ತೀರ್ಪು ಅಡಗಿದೆ. ನಟನಲ್ಲಿದ್ದ ಸರಕು ಮುಗಿಯಿತು, ಅವನು ತನ್ನನ್ನೇ ತಾನು ನಕಲು ಮಾಡುತ್ತಿದ್ದಾನೆ ಎಂಬುದೇ ಆ ತೀರ್ಪು. ಇಂತಹ ತೀರ್ಪಿಗೆ ಗುರಿಯಾದ ನಟನು ಬದುಕಿದ್ದರೆ ಉತ್ತರ ಹೇಳಿಯಾನು. ಕಾಲವಾದ ಮೇಲೆ ಉತ್ತರ ಹೇಳುವವರಿಲ್ಲ. ಆದುದರಿಂದ ತೀರ್ಪು ನ್ಯಾಯವಾದುದೇ ಎಂದು ವಿಚಾರಿಸುವ ಹೊಣೆ ಅಭ್ಯಾಸಿಗಳ ಮೇಲೆ ಬೀಳುತ್ತದೆ. ಬೇಸರಕ್ಕೆ ಕಾರಣನು ನಟನೇ, ಪುನರಾವೃತ್ತಿಯೇ, ಅಥವಾ ಇವೆರಡಕ್ಕೂ ಹೊರಗಿನ ಮತ್ತೇನಾದರೂ ಇದೆಯೇ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಉದಾಹರಣೆಗಾಗಿ ನಾವು ಆರಿಸಿಕೊಂಡಿರುವವರು ಕನ್ನಡ ಚಿತ್ರರಂಗದ ‘ಹಾಸ್ಯ ಚಕ್ರವರ್ತಿ’ ಎಂದು ಹೆಸರಾದ ಟಿ. ಆರ್. ನರಸಿಂಹರಾಜು (೧೯೨೩–೧೯೭೯). ನೋಡುವ ನೆಲೆಯಾಗಿ ಆರಿಸಿಕೊಂಡಿರುವುದು ಮೈಸೂರು, ಬೆಂಗಳೂರುಗಳನ್ನಲ್ಲ; ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಗೊರೇಬಾಳದಂತಹ ಗ್ರಾಮವನ್ನು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಈ ಸೀಮೆಯು ದೊಡ್ಡಾಟದ ನಾಡು. ಹಾಸ್ಯದ ಪುನರಾವೃತ್ತಿಯೆಂಬುದು ಇಲ್ಲಿನ ಜನರಿಗೆ ಚಿತ್ರದ ಪರದೆಯಿಂದ ಮೊದಲು ಪರಿಚಯವಾದ ಸಂಗತಿಯಲ್ಲ. ಎರಡನೆಯದು, ೧೯೪೮ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಭಾಗಕ್ಕೆ ಹಳೆಯ ಮೈಸೂರಿನ ಮಾತು, ಹಾವಭಾವಗಳನ್ನು ಹೊತ್ತ ಚಿತ್ರಗಳು ಹೊರಗಿನಿಂದ ಬಂದವು. ಹೊರಗಿನಿಂದ ಬಂದುದನ್ನು ಜನರು ಎಷ್ಟು ಕಾಲ, ಯಾವ ಕಾರಣಕ್ಕಾಗಿ ಮೆಚ್ಚಿಯಾರು ಎಂಬುದು ಇಲ್ಲಿ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ.

೨

ಮೊದಲಿಗೆ ಒಂದು ವಿರೋಧಾಭಾಸವನ್ನು ಗಮನಿಸಬೇಕು. ಪುನರಾವೃತ್ತಿಯು ಹಾಸ್ಯವನ್ನು ಕೊಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಾಸ್ಯವು ಹುಟ್ಟುವುದೂ ಪುನರಾವೃತ್ತಿಯಿಂದಲೇ. ಒಬ್ಬನು ಒಮ್ಮೆ ಜಾರಿ ಬಿದ್ದರೆ ನಾವು ‘ಅಯ್ಯೋ’ ಎನ್ನುತ್ತೇವೆ. ಎದ್ದು, ಮೈ ಕೊಡವಿಕೊಂಡು, ಅದೇ ಜಾಗದಲ್ಲಿ ಮತ್ತೆ ಬಿದ್ದರೆ ನಗುತ್ತೇವೆ. ಫ್ರೆಂಚ್ ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ ೧೯೦೦ರಲ್ಲಿ ಪ್ರಕಟಿಸಿದ, ನಗುವನ್ನು ಕುರಿತ ಗ್ರಂಥದಲ್ಲಿ ಇದಕ್ಕೆ ಒಂದು ವಿವರಣೆಯನ್ನು ಕೊಟ್ಟಿದ್ದಾನೆ. ಜೀವವುಳ್ಳದ್ದು ಎಂದೂ ತನ್ನನ್ನು ಹಾಗೆಯೇ ಪುನರಾವರ್ತಿಸುವುದಿಲ್ಲ. ಸನ್ನಿವೇಶಕ್ಕೆ ತಕ್ಕಂತೆ ಬಾಗುತ್ತದೆ. ಬಾಗಬೇಕಾದ ಮನುಷ್ಯನು ಬಾಗದೆ ಯಂತ್ರದಂತೆ ನಡೆದುಕೊಂಡಾಗ ನೋಡುವವರಿಗೆ ನಗು ಬರುತ್ತದೆ. ಅದುಮಿದಷ್ಟೂ ಪುಟಿದೇಳುವ ಸ್ಪ್ರಿಂಗ್ ಬೊಂಬೆಯ ಉಪಮಾನವನ್ನು ಅವನು ಈ ಸಂದರ್ಭದಲ್ಲಿ ಬಳಸಿದ್ದಾನೆ.

ಈ ಮತವನ್ನು ಒಪ್ಪಿದರೆ, ಪುನರಾವೃತ್ತಿ ಹೆಚ್ಚಿದಷ್ಟೂ ನಗು ಹೆಚ್ಚಬೇಕಾಗಿತ್ತು. ಅನುಭವವು ಹಾಗಿಲ್ಲ. ತೊಡಕನ್ನು ಬಿಡಿಸಲು ಎರಡು ಬಗೆಯ ಪುನರಾವೃತ್ತಿಗಳನ್ನು ಬೇರ್ಪಡಿಸಬೇಕೆಂದು ನಮಗೆ ತೋರುತ್ತದೆ. ಒಂದೇ ಕೃತಿಯ ಒಳಗೆ ಪಾತ್ರವೊಂದು ತನ್ನ ನಡೆಯನ್ನು ಮತ್ತೆ ಮತ್ತೆ ತೋರುವುದು ಒಳ ಪುನರಾವೃತ್ತಿ. ಒಂದು ಕೃತಿಯಿಂದ ಇನ್ನೊಂದಕ್ಕೆ ನಟನು ಅದೇ ನಡೆಯನ್ನು ಹೊತ್ತು ತರುವುದು ಹೊರ ಪುನರಾವೃತ್ತಿ. ಒಳ ಪುನರಾವೃತ್ತಿಯಲ್ಲಿ ಯಂತ್ರದಂತೆ ತೋರುವವನು ಪಾತ್ರ; ಆ ಯಂತ್ರವನ್ನು ಜಾಣ್ಮೆಯಿಂದ ನಡೆಸುತ್ತಿರುವ ನಟನು ಅದರ ಹಿಂದೆ ಜೀವಂತವಾಗಿ ನಿಂತಿರುತ್ತಾನೆ. ಹೊರ ಪುನರಾವೃತ್ತಿಯಲ್ಲಾದರೋ ಯಂತ್ರದಂತೆ ತೋರತೊಡಗುವವನು ನಟನೇ. ಆಗ ಪ್ರೇಕ್ಷಕನು ನಗುವುದಕ್ಕೆ ಬದಲು ಲೆಕ್ಕ ಹಾಕುತ್ತಾನೆ: ‘ಈಗ ಹಲ್ಲು ಕಿರಿಯುತ್ತಾನೆ, ಈಗ ಓಡುತ್ತಾನೆ’ ಎಂದು. ಬೇಸರದ ಮೂಲವು ಈ ಎರಡನೆಯ ಬಗೆಯಲ್ಲಿದೆ. ಆದರೆ ಹೊರ ಪುನರಾವೃತ್ತಿಯೆಲ್ಲವೂ ಬೇಸರವನ್ನುಂಟುಮಾಡುತ್ತದೆಯೆಂದೂ ಹೇಳುವಂತಿಲ್ಲ. ಅದನ್ನು ಮುಂದೆ ನೋಡೋಣ.

೩

ನರಸಿಂಹರಾಜು ತಿಪಟೂರಿನವರು. ತೀರ ಎಳೆಯ ವಯಸ್ಸಿನಲ್ಲಿಯೇ ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯಲ್ಲಿ ಬಾಲನಟರಾಗಿ ರಂಗವನ್ನು ಹತ್ತಿ, ಮುಂದೆ ಗುಬ್ಬಿ ಕಂಪನಿಯಲ್ಲಿಯೂ ದುಡಿದರು. ೧೯೫೪ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಚಿತ್ರದಿಂದ, ರಾಜಕುಮಾರ್ ಅವರು ನಾಯಕರಾಗಿ ಬೆಳಕಿಗೆ ಬಂದಂತೆಯೇ, ಇವರೂ ಚಿತ್ರರಂಗದಲ್ಲಿ ನೆಲೆ ನಿಂತರು. ೧೯೬೦ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಅವರೊಡನೆ ಸೇರಿ ನಿರ್ಮಿಸಿದವರಲ್ಲಿ ಇವರೂ ಒಬ್ಬರು. ೧೯೭೯ರಲ್ಲಿ ಕಾಲವಾಗುವ ಹೊತ್ತಿಗೆ ಅವರು ನಟಿಸಿದ್ದ ಚಿತ್ರಗಳು ಸುಮಾರು ೨೫೦. ಇಪ್ಪತ್ತೈದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಹತ್ತು ಚಿತ್ರಗಳಾಗುತ್ತವೆ. ಕನ್ನಡ ಚಿತ್ರಗಳ ಸಂಖ್ಯೆಯೇ ಕಡಮೆಯಾಗಿದ್ದ ಆ ಕಾಲದಲ್ಲಿ, ಚಿತ್ರ ನೋಡುವ ರೂಢಿಯಿದ್ದ ಕನ್ನಡಿಗನು ಇವರನ್ನು ಕಾಣದೆ ಇರುವಂತೆಯೇ ಇರಲಿಲ್ಲ.

ಅವರ ಹಾಸ್ಯದ ಸಾಮಗ್ರಿ ಬಹುಮಟ್ಟಿಗೆ ಅವರ ದೇಹವೇ. ಸಣಕಲು ಮೈ, ಮುಂದಕ್ಕೆ ಚಾಚಿದ ಮೇಲುಹಲ್ಲು, ಚುರುಕಾದ ಕಣ್ಣು, ಕ್ಷಣದಲ್ಲಿ ಜಂಬದಿಂದ ಅಂಜಿಕೆಗೆ ಜಾರುವ ಮುಖ, ಇವು ಅವರ ಬಂಡವಾಳ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ವಿಕೃತವೇಷ, ಧಾರ್ಷ್ಟ್ಯ, ಅಸತ್ಪ್ರಲಾಪ, ವ್ಯಂಗದರ್ಶನ ಮೊದಲಾದುವನ್ನು ಹೇಳುತ್ತಾನೆ. ಅಂಗದ ಊನವನ್ನು ಕಾಣಿಸುವುದು ವ್ಯಂಗದರ್ಶನ. ನಾಚಿಕೆಯಿಲ್ಲದ ಎದೆಗಾರಿಕೆ ಧಾರ್ಷ್ಟ್ಯ. ಹುರುಳಿಲ್ಲದ ಹರಟೆ ಅಸತ್ಪ್ರಲಾಪ. ನರಸಿಂಹರಾಜು ಅವರಲ್ಲಿ ಇವು ಒಟ್ಟಿಗೆ ಕೂಡಿದ್ದವು. ಇಲ್ಲಿ ಒಂದು ಸೂಕ್ಷ್ಮವಿದೆ. ದೇಹದ ಹಾಸ್ಯವು ಸೀಮೆಯ ಭಾಷಾಭೇದವನ್ನು ಸುಲಭವಾಗಿ ದಾಟುತ್ತದೆ. ತಿಪಟೂರಿನ ಮಾತಿನ ಧಾಟಿಯು ಸಿಂಧನೂರಿನ ಕಿವಿಗೆ ಹೊಸದಾದರೂ ಹೆದರಿ ಕಂಬಕ್ಕೆ ಅಂಟಿಕೊಂಡವನ ಮುಖವನ್ನು ಓದಲು ಯಾರಿಗೂ ದುಭಾಷಿ ಬೇಕಾಗುವುದಿಲ್ಲ. ಆದರೆ ದಾಟುವ ಈ ಗುಣಕ್ಕೆ ಒಂದು ಬೆಲೆಯೂ ಉಂಟು. ಮಾತಿಗೆ ಸಾವಿರ ತಿರುವುಗಳಿದ್ದರೆ ಮುಖಕ್ಕೆ ಇರುವ ತಿರುವುಗಳು ಎಣಿಕೆಯವು. ದೂರ ಹೋಗುವ ಹಾಸ್ಯವು ಬೇಗ ಗುರುತಿಗೂ ಸಿಕ್ಕುತ್ತದೆ.

ಇದಕ್ಕೆ ಚಿತ್ರೋದ್ಯಮದ ವ್ಯವಸ್ಥೆಯೂ ಸೇರಿಕೊಂಡಿತು. ಅಂದಿನ ಕನ್ನಡ ಚಿತ್ರಗಳಲ್ಲಿ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ತಮಿಳು, ತೆಲುಗು, ಕನ್ನಡ ಚಿತ್ರಗಳು ಒಂದೇ ಆವರಣದಲ್ಲಿ ಹುಟ್ಟುತ್ತಿದ್ದುದರಿಂದ ಅವುಗಳ ಎರಕವೂ ಒಂದೇ ಆಗಿತ್ತು. ನಾಯಕನಿಗೊಬ್ಬ ಅಂಜುಬುರುಕ ಗೆಳೆಯ, ಅವನಿಗೊಬ್ಬ ಗಟ್ಟಿಗಿತ್ತಿ ಜೋಡಿ, ಇವರಿಬ್ಬರಿಗೊಂದು ಹಾಡು. ಇದು ಸಿದ್ಧ ಕ್ರಮ. ತಮಿಳಿನಲ್ಲಿ ಎನ್. ಎಸ್. ಕೃಷ್ಣನ್ (೧೯೦೮–೧೯೫೭) ಮತ್ತು ಟಿ. ಎ. ಮಧುರಂ ಜೋಡಿಯು ಕಥೆಗೆ ಹೊರತಾದ ಹಾಸ್ಯಪ್ರಸಂಗಗಳನ್ನು ತಾವೇ ಹೆಣೆದು ಚಿತ್ರಗಳಿಗೆ ಸೇರಿಸುವ ಪದ್ಧತಿಯನ್ನು ಬಲಪಡಿಸಿತ್ತು. ಕೃಷ್ಣನ್ ಅವರಂತಹ ಪ್ರತಿಭಾವಂತರ ಕೈಯಲ್ಲಿ ಈ ಪದ್ಧತಿಯು ಸ್ವಾತಂತ್ರ್ಯವಾಗಿತ್ತು. ಇತರ ಕಡೆ ಅದು ಕಥೆಯ ನಡುವೆ ಹೊಲಿದ ತೇಪೆಯಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಆಂಧ್ರದ ರೈತರ ಕ್ಯಾಂಪುಗಳು ಬೆಳೆದವು. ತೆಲುಗು ಚಿತ್ರಗಳಿಗೂ ಇಲ್ಲಿ ನೋಡುವವರಿದ್ದರು. ರೇಲಂಗಿ ವೆಂಕಟರಾಮಯ್ಯನವರನ್ನೂ ನರಸಿಂಹರಾಜು ಅವರನ್ನೂ ನೋಡಿಬಲ್ಲ ಪ್ರೇಕ್ಷಕನಿಗೆ ನಟರಿಬ್ಬರ ಭೇದಕ್ಕಿಂತ ಎರಕದ ಸಾಮ್ಯವೇ ಮೊದಲು ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ. ಹಾಗೆ ಎರಕದ ಮೇಲೆ ಹುಟ್ಟಿದ ಬೇಸರವು ನಟನ ಲೆಕ್ಕಕ್ಕೆ ಜಮೆಯಾಗುತ್ತದೆ.

೪

ಈಗ ದೊಡ್ಡಾಟದ ಕಡೆಗೆ ತಿರುಗೋಣ. ದೊಡ್ಡಾಟದ ಸಾರಥಿಯು ಹಾಸ್ಯಗಾರನೂ ಹೌದು, ಆಟವನ್ನು ನಡೆಸುವವನೂ ಹೌದು. ಪ್ರತಿಯೊಂದು ಪಾತ್ರವು ರಂಗಕ್ಕೆ ಬಂದು ಕುಣಿದು ನಿಂತಾಗಲೂ ಅದನ್ನು ಮಾತನಾಡಿಸಿ, ‘ತಾವು ಯಾರು, ಯಾವ ದೇಶದವರು, ನಾಮಾಂಕಿತವೇನು’ ಎಂದು ಕೇಳುವುದು ಅವನ ಕೆಲಸ. ರಾಜನು ಉದ್ದುದ್ದ ಸಂಸ್ಕೃತ ಪದಗಳಲ್ಲಿ ಬಿರುದಾವಳಿಯನ್ನು ಒಪ್ಪಿಸುತ್ತಾನೆ. ಸಾರಥಿಯು ಅದನ್ನು ಅಪಾರ್ಥ ಮಾಡಿಕೊಂಡು ಊರ ಮಾತಿಗೆ ಇಳಿಸುತ್ತಾನೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ಇದು ಹತ್ತಾರು ಸಲ ನಡೆಯುತ್ತದೆ. ಮುಂದಿನ ವರ್ಷದ ಆಟದಲ್ಲಿಯೂ ನಡೆಯುತ್ತದೆ. ಅಜ್ಜನು ಕೇಳಿದ ಪ್ರಶ್ನೆಯನ್ನೇ ಮೊಮ್ಮಗನೂ ಕೇಳುತ್ತಾನೆ. ಹೊರ ಪುನರಾವೃತ್ತಿಗೆ ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕಾಗಿಲ್ಲ. ಆದರೂ ಸಾರಥಿಯು ಬಂದನೆಂದರೆ ನಿದ್ದೆಗಣ್ಣಿನ ಜನರೂ ಎದ್ದು ಕೂಡುತ್ತಾರೆ. ಸಾರಥಿಗೆ ಲಭಿಸಿದ ಈ ವಿನಾಯಿತಿಯು ಚಿತ್ರನಟನಿಗೆ ಏಕೆ ಲಭಿಸಲಿಲ್ಲ?

ಉತ್ತರವು ಮೂರು ಅಂಶಗಳಲ್ಲಿದೆ. ಮೊದಲನೆಯದು ಅಂತರ. ಸುಗ್ಗಿ ಮುಗಿದ ಬಳಿಕ ಅಥವಾ ಜಾತ್ರೆಯ ಸಂದರ್ಭದಲ್ಲಿ ಆಟವಾಗುತ್ತದೆ. ಅನಂತರ ತಿಂಗಳುಗಟ್ಟಲೆ ಜನರು ಹೊಲಗೆಲಸದಲ್ಲಿ ಮುಳುಗುತ್ತಾರೆ. ಎರಡನೆಯದು ಬದಲಾಗುವ ಒಳಸೇರಿಕೆ. ಸಾರಥಿಯ ಪ್ರಶ್ನೆಯ ಚೌಕಟ್ಟು ಸ್ಥಿರವಾದರೂ ಅದರೊಳಗೆ ತುಂಬುವ ಮಾತು ಆ ವರ್ಷದ ಮಳೆಬೆಳೆಯದು, ಊರಿನ ಜಗಳದ್ದು, ಮುಂದೆ ಕುಳಿತ ಗೌಡರದು. ಮೂರನೆಯದು ಉತ್ತರ ಕೊಡುವ ಅಧಿಕಾರ. ನೋಡುವವರು ಕೂಗಿದರೆ ಸಾರಥಿಯು ಮರುಮಾತು ಹೇಳಬೇಕು. ನಗದಿದ್ದರೆ ಧಾಟಿಯನ್ನು ಬದಲಿಸಬೇಕು. ಪ್ರೇಕ್ಷಕರ ಬೇಸರವು ಅಂದೇ, ಅಲ್ಲಿಯೇ ನಟನಿಗೆ ಮುಟ್ಟುತ್ತದೆ, ಅವನನ್ನು ತಿದ್ದುತ್ತದೆ. ಪರದೆಯ ಮೇಲಿನ ನಟನಿಗಾದರೋ ಟೆಂಟಿನೊಳಗಿನ ಕೂಗು ಕೇಳಿಸುವುದಿಲ್ಲ. ಮದರಾಸಿನಲ್ಲಿ ಒಂದು ದಿನ ಮಾಡಿದ ಮುಖವನ್ನು ಅವನು ಗೊರೇಬಾಳದ ಪ್ರೇಕ್ಷಕರ ಎದುರಿನಲ್ಲಿ ಬದಲಿಸಲಾರನು. ಬಾಲ್ಯದಿಂದ ಜನರ ಎದುರಿನಲ್ಲಿ ಆಡಿ ಪಳಗಿದ, ಕಂಪನಿ ನಾಟಕದ ನಟರಾದ ನರಸಿಂಹರಾಜು ಅವರಿಗೆ ಈ ಮರುಮಾತಿನ ಕಲೆ ಹೊಸದಾಗಿರಲಿಲ್ಲ. ಅದನ್ನು ಬಳಸುವ ದಾರಿಯನ್ನು ಚಿತ್ರವೆಂಬ ಮಾಧ್ಯಮವು ಮುಚ್ಚಿತು.

೫

ಅಂತರದ ಪ್ರಭಾವವನ್ನು ಮನಶ್ಶಾಸ್ತ್ರಜ್ಞರೂ ದೃಢಪಡಿಸಿದ್ದಾರೆ. ಪ್ರಚೋದನೆಯೊಂದಕ್ಕೆ ಜೀವಿಯು ರೂಢಿಯಾಗಿ ಪ್ರತಿಕ್ರಿಯೆಯನ್ನು ಕುಗ್ಗಿಸಿಕೊಳ್ಳುವುದರ ಲಕ್ಷಣಗಳನ್ನು ರಿಚರ್ಡ್ ಥಾಂಪ್ಸನ್ ಮತ್ತು ಆಲ್ಡೆನ್ ಸ್ಪೆನ್ಸರ್ ೧೯೬೬ರಲ್ಲಿ ಕ್ರೋಡೀಕರಿಸಿದರು. ಅವುಗಳಲ್ಲಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಪ್ರಚೋದನೆಯು ಬೇಗ ಬೇಗ ಬಂದಷ್ಟೂ ಪ್ರತಿಕ್ರಿಯೆ ಬೇಗ ಕುಗ್ಗುತ್ತದೆ. ಅದನ್ನು ಕೆಲಕಾಲ ತಡೆದರೆ ಪ್ರತಿಕ್ರಿಯೆಯು ತಾನಾಗಿಯೇ ಮರಳುತ್ತದೆ. ನಡುವೆ ಬೇರೊಂದು ಬಲವಾದ ಪ್ರಚೋದನೆ ಬಂದರೂ ಕುಗ್ಗಿದ ಪ್ರತಿಕ್ರಿಯೆ ಚೇತರಿಸಿಕೊಳ್ಳುತ್ತದೆ. ಅವರ ಅಧ್ಯಯನವು ಸರಳವಾದ ಪ್ರತಿವರ್ತನೆಗಳನ್ನು ಕುರಿತದ್ದು. ನಗುವಿನಂತಹ ಸಂಕೀರ್ಣ ವ್ಯಾಪಾರಕ್ಕೆ ಅದನ್ನು ಹಾಗೆಯೇ ಅನ್ವಯಿಸುವುದು ಸಾಧುವಲ್ಲ. ಆದರೂ ದೊಡ್ಡಾಟದ ಅಂತರ ಹಾಗೂ ಒಳಸೇರಿಕೆಗಳ ಅನುಭವಕ್ಕೆ ಅದು ಹೊಂದಿಕೊಳ್ಳುವುದನ್ನು ಅಲ್ಲಗಳೆಯುವಂತಿಲ್ಲ.

ಚಾರ್ಲಿ ಚಾಪ್ಲಿನ್ ಅವರ ವೃತ್ತಿಜೀವನವು ಇದಕ್ಕೆ ಇನ್ನೊಂದು ಸಾಕ್ಷ್ಯ. ಬಿಗಿಯಾದ ಕೋಟು, ಸಡಿಲವಾದ ಷರಾಯಿ, ಬೆತ್ತ, ಪುಟ್ಟ ಮೀಸೆಗಳ ಅಲೆಮಾರಿಯು ಪರದೆಗೆ ಬಂದುದು ೧೯೧೪ರಲ್ಲಿ. ಆ ಒಂದೇ ವರ್ಷದಲ್ಲಿ ಚಾಪ್ಲಿನ್ ಮೂವತ್ತಕ್ಕೂ ಹೆಚ್ಚು ಕಿರುಚಿತ್ರಗಳಲ್ಲಿ ನಟಿಸಿದರು. ಅನಂತರ ಅವರು ತಮ್ಮ ಚಿತ್ರಗಳ ನಡುವಣ ಅಂತರವನ್ನು ಹೆಚ್ಚಿಸುತ್ತ ಹೋದರು: ‘ಸಿಟಿ ಲೈಟ್ಸ್’ ೧೯೩೧ರಲ್ಲಿ ಬಂದರೆ ‘ಮಾಡರ್ನ್ ಟೈಮ್ಸ್’ ಬಂದುದು ೧೯೩೬ರಲ್ಲಿ. ಅಲೆಮಾರಿಯ ನಡಿಗೆ ಬದಲಾಗಲಿಲ್ಲ. ಅವನು ನಡೆದುಬಂದ ಲೋಕ ಬದಲಾಗಿತ್ತು, ಕಾಯುವ ಕಾಲವೂ ಉದ್ದವಾಗಿತ್ತು. ಆದರೆ ಹೀಗೆ ಕಾಯಿಸುವ ಶಕ್ತಿ ಅವರಿಗೆ ಬಂದುದು ಸ್ವಂತ ಸ್ಟುಡಿಯೋ ಇದ್ದುದರಿಂದ, ೧೯೧೯ರಲ್ಲಿ ಸ್ಥಾಪಿತವಾದ ‘ಯುನೈಟೆಡ್ ಆರ್ಟಿಸ್ಟ್ಸ್’ ಸಂಸ್ಥೆಯಲ್ಲಿ ಪಾಲುದಾರರಾಗಿದ್ದುದರಿಂದ. ವರ್ಷಕ್ಕೆ ಹತ್ತು ಚಿತ್ರಗಳಲ್ಲಿ ಕೂಲಿಗೆ ದುಡಿಯುವ ಪೋಷಕ ನಟನಿಗೆ ಅಂತರವೆಂದರೆ ನಿರುದ್ಯೋಗ. ಜನರು ಅವನಲ್ಲಿ ಬಯಸುವುದು ಹಳೆಯ ಚೇಷ್ಟೆಯನ್ನೇ ಎಂದು ನಿರ್ಮಾಪಕನು ತಿಳಿದಿರುವಾಗ, ಹೊಸದನ್ನು ಮಾಡುತ್ತೇನೆಂದು ಹಟ ಹಿಡಿಯುವುದೂ ಅವನಿಗೆ ಸುಲಭವಲ್ಲ. ಇಬ್ಬರ ಪ್ರತಿಭೆಯನ್ನು ಹೋಲಿಸುವಾಗ ಈ ಸ್ಥಿತಿಭೇದವನ್ನು ಮರೆಯಬಾರದು.

ಸಮಕಾಲೀನರಾದ ಟಿ. ಎನ್. ಬಾಲಕೃಷ್ಣ (೧೯೧೧–೧೯೯೫) ಅವರನ್ನು ಕುರಿತು ಇಂತಹ ಬೇಸರದ ಮಾತು ಕಡಮೆ ಕೇಳಿಬರುವುದನ್ನು ಇಲ್ಲಿ ಆಕ್ಷೇಪವಾಗಿ ಎತ್ತಬಹುದು. ಅವರೂ ಅದೇ ಉದ್ಯಮದಲ್ಲಿ ಅಷ್ಟೇ ಬಿಡುವಿಲ್ಲದೆ ದುಡಿದವರು. ಆದರೆ ಬಾಲಕೃಷ್ಣರಿಗೆ ಖಳ, ಹಾಸ್ಯ, ಪೋಷಕ ಎಂಬ ಮೂರು ಬಗೆಯ ಪಾತ್ರಗಳೂ ದೊರೆತವು. ಕಪಟಿಯ ಪಾತ್ರಗಳಲ್ಲಿ ಅವರನ್ನು ಶಪಿಸಿದ ಪ್ರೇಕ್ಷಕನೇ ‘ಬಂಗಾರದ ಮನುಷ್ಯ’ (೧೯೭೨) ಚಿತ್ರದ ರಾಚೂಟಪ್ಪನನ್ನು ಕಂಡು ಮನಸ್ಸು ತುಂಬಿಕೊಂಡನು. ಒಂದು ಬಗೆಯ ಪಾತ್ರವು ಇನ್ನೊಂದರಿಂದ ಆದ ಸವಕಳಿಯನ್ನು ತುಂಬಿಕೊಟ್ಟಿತು. ನರಸಿಂಹರಾಜು ಅವರ ಮುಖವನ್ನು ಕಂಡೊಡನೆಯೇ ನಗಲು ಸಿದ್ಧರಾಗಿದ್ದ ಜನರು ಅವರಿಗೆ ಆ ಅವಕಾಶವನ್ನು ಕೊಡಲಿಲ್ಲ.

೬

ಪುನರಾವೃತ್ತಿಯೇ ಪ್ರಾಣವಾದ ಪಾತ್ರವೊಂದು ಅವರಿಗೆ ದೊರೆತಾಗ ಏನಾಯಿತೆಂಬುದನ್ನು ಹುಣಸೂರು ಕೃಷ್ಣಮೂರ್ತಿ ಅವರು ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ (೧೯೬೫) ಚಿತ್ರದಲ್ಲಿ ನೋಡಬಹುದು. ಅದರಲ್ಲಿ ನರಸಿಂಹರಾಜು ಅವರದು ನಕ್ಷತ್ರಿಕನ ಪಾತ್ರ. ರಾಜ್ಯವನ್ನು ಕಳೆದುಕೊಂಡ ಹರಿಶ್ಚಂದ್ರನಿಂದ ವಿಶ್ವಾಮಿತ್ರನ ಸಾಲವನ್ನು ವಸೂಲು ಮಾಡಲು ಬೆನ್ನುಹತ್ತಿ ಹೋಗುವ ಶಿಷ್ಯ ಇವನು. ಹದಿಮೂರನೆಯ ಶತಮಾನದ ರಾಘವಾಂಕನ ಕಾವ್ಯದಿಂದಲೇ ಕನ್ನಡಿಗರಿಗೆ ಚಿರಪರಿಚಿತನಾದ ಈತನ ಹೆಸರು, ಬಿಡದೆ ಪೀಡಿಸುವವನಿಗೆ ‘ನಕ್ಷತ್ರಿಕ’ ಎನ್ನುವಷ್ಟರ ಮಟ್ಟಿಗೆ ನುಡಿಗಟ್ಟಾಗಿದೆ. ದಾರಿಯುದ್ದಕ್ಕೂ ತಕರಾರು, ಹೆಜ್ಜೆಹೆಜ್ಜೆಗೂ ಬೇಡಿಕೆ, ಮಾತುಮಾತಿಗೂ ಹಣದ ನೆನಪು. ಇದೇ ಅವನ ಸ್ವಭಾವ.

ಇಲ್ಲಿ ನಟನು ತನ್ನ ರೂಢಿಯ ಚೇಷ್ಟೆಗಳನ್ನು ಬಿಟ್ಟಿಲ್ಲ. ಆದರೆ ಪ್ರತಿ ಸಲವೂ ಅವುಗಳ ಬೆಲೆಯನ್ನು ತೆರುವವನು ಹರಿಶ್ಚಂದ್ರ. ಮೊದಲ ತಕರಾರಿಗೆ ನಾವು ನಗುತ್ತೇವೆ. ಮುಂದಿನದಕ್ಕೆ ನಗುತ್ತಲೇ ಅಳುಕುತ್ತೇವೆ. ಹೆಂಡತಿ, ಮಗ ಬಳಲಿ ನಿಂತಾಗಲೂ ಅದೇ ರಾಗವನ್ನು ಕೇಳಿದರೆ ನಗುವಿನೊಳಗೆ ಕೋಪ, ಕೋಪದೊಳಗೆ ಕರುಣೆ ಸೇರುತ್ತವೆ. ಚೇಷ್ಟೆಯು ಅದೇ, ಅದು ಬೀಳುವ ನೆಲ ಬೇರೆ. ಹಾಸ್ಯವು ಕಥೆಯ ಭಾರವನ್ನು ಹೊತ್ತಾಗ ಪುನರಾವೃತ್ತಿಯು ಸವೆತವಾಗುವುದಿಲ್ಲ, ಸಂಚಯವಾಗುತ್ತದೆ. ಕಥೆಗೆ ಸಂಬಂಧವಿಲ್ಲದ ತೇಪೆಯಲ್ಲಿ ಅದೇ ಚೇಷ್ಟೆಯು ಯಾರಿಗೂ ಏನೂ ಆಗದಂತೆ ಬಂದು ಹೋಗುತ್ತದೆ. ಆದ್ದರಿಂದ ಎರಡನೆಯ ಸಲಕ್ಕೇ ಹಳತಾಗುತ್ತದೆ. ನಟನಲ್ಲಿ ಸರಕು ಮುಗಿದಿತ್ತೆಂಬ ತೀರ್ಪು ನಿಲ್ಲಲಾರದೆಂಬುದಕ್ಕೆ, ಅವರ ವೃತ್ತಿಜೀವನದ ನಡುಭಾಗದಲ್ಲಿ ಬಂದ ಈ ಪಾತ್ರವೇ ಸಾಕಾದ ಆಧಾರ.

೭

ಇಂದಿನ ಪ್ರೇಕ್ಷಕನ ಸ್ಥಿತಿ ಇನ್ನೂ ಬೇರೆ. ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಚಿತ್ರವೊಂದು ನಗರಗಳನ್ನು ಸುತ್ತಿ ಹಳ್ಳಿಗಾಡನ್ನು ಮುಟ್ಟುವ ಹೊತ್ತಿಗೆ ಬಹುಕಾಲ ಕಳೆಯುತ್ತಿತ್ತು. ಮತ್ತೊಮ್ಮೆ ನೋಡಬೇಕಾದರೆ ಮತ್ತೆ ಕಾಯಬೇಕಾಗಿತ್ತು. ೧೯೮೧ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾಯಿತು. ೧೯೯೪ರಲ್ಲಿ ಉದಯ ವಾಹಿನಿ ಬಂದಿತು. ಅನಂತರ ಹಾಸ್ಯಕ್ಕೇ ಮೀಸಲಾದ ವಾಹಿನಿಗಳೂ, ಕೈಯೊಳಗಿನ ಫೋನುಗಳೂ ಬಂದವು. ಇವುಗಳಲ್ಲಿ ಹಳೆಯ ಚಿತ್ರಗಳ ಹಾಸ್ಯದೃಶ್ಯಗಳನ್ನು ಕಥೆಯಿಂದ ಕತ್ತರಿಸಿ ಸಾಲಾಗಿ ಜೋಡಿಸಿ ತೋರಿಸುತ್ತಾರೆ. ನಮ್ಮ ವಿವೇಚನೆಯ ಬೆಳಕಿನಲ್ಲಿ ನೋಡಿದರೆ ಇದರಿಂದ ಎರಡು ಹಾನಿಗಳಾಗುತ್ತವೆ. ಅಂತರವು ಇಲ್ಲವಾಗುತ್ತದೆ, ಕಥೆಯ ಭಾರವೂ ಇಲ್ಲವಾಗುತ್ತದೆ. ಇಪ್ಪತ್ತೈದು ವರ್ಷಗಳಲ್ಲಿ ಹರಡಿದ್ದ ಚೇಷ್ಟೆಗಳನ್ನು ಅರ್ಧ ಗಂಟೆಯಲ್ಲಿ ಉಂಡವನಿಗೆ ಅಜೀರ್ಣವಾದರೆ ಅಡುಗೆಯವರನ್ನು ದೂರುವುದು ತರವಲ್ಲ.

ಕೊನೆಯದಾಗಿ ಬೇಸರವೆಂಬ ಶಬ್ದದ ಅರ್ಥವನ್ನೇ ಸ್ವಲ್ಪ ಪರೀಕ್ಷಿಸಬೇಕಾಗಿದೆ. ಭರತನು ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಕಪೋಲಗಳು ತುಸುವೇ ಅರಳುವ, ಹಲ್ಲು ಕಾಣದ ಮುಗುಳುನಗೆ ಸ್ಮಿತ. ಪಕ್ಕೆ ಹಿಡಿದುಕೊಂಡು ಕಣ್ಣೀರು ಸುರಿಸುತ್ತ ನಗುವುದು ಅತಿಹಸಿತ. ಅತಿಹಸಿತಕ್ಕೆ ಅನಿರೀಕ್ಷಿತವು ಬೇಕು. ಸ್ಮಿತಕ್ಕೆ ಪರಿಚಯವೇ ಸಾಕು. ರಾಬರ್ಟ್ ಜಾಯಾನ್ಸ್ ೧೯೬೮ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಕೇವಲ ಪರಿಚಯದಿಂದಲೇ ಮೆಚ್ಚುಗೆ ಬೆಳೆಯಬಲ್ಲುದೆಂಬುದನ್ನು ತೋರಿಸಿಕೊಟ್ಟವು. ಹತ್ತು ಸಲ ಕಂಡ ಚೇಷ್ಟೆಯು ಅತಿಹಸಿತವನ್ನು ಕೊಡಲಾರದು ಎಂಬುದು ನಿಜ. ಆದರೆ ಅದು ಸ್ಮಿತವನ್ನು ಕೊಡಬಲ್ಲುದು. ಭರತನ ಎಣಿಕೆಯಲ್ಲಿ ಅದೇ ಉತ್ತಮರ ನಗು. ಸಾರಥಿಯನ್ನು ಕಂಡು ಎದ್ದು ಕೂಡುವ ಮುದುಕರ ಮುಖದ ಮೇಲೆ ಮೂಡುವ ನಗುವೂ ಈ ಜಾತಿಯದೇ. ಮೊದಲ ದಿನದ ನಗುವನ್ನೇ ಹತ್ತನೆಯ ದಿನವೂ ಕೇಳುವವನಿಗೆ ನಿರಾಶೆಯಾಗುತ್ತದೆ, ಆ ನಿರಾಶೆಗೆ ಅವನು ಬೇಸರವೆಂದು ಹೆಸರಿಡುತ್ತಾನೆ.

ಮೇಲಿನ ವಿವೇಚನೆಯಿಂದ ಏರ್ಪಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಹಾಸ್ಯವನ್ನು ಸವೆಸುವುದು ಪುನರಾವೃತ್ತಿಯಲ್ಲ. ಅಂತರವಿಲ್ಲದ, ಕಥೆಯ ಭಾರವಿಲ್ಲದ, ಮರುಮಾತಿಗೆ ಎಡೆಯಿಲ್ಲದ ಪುನರಾವೃತ್ತಿ. ಈ ಮೂರು ಕೊರತೆಗಳಲ್ಲಿ ಯಾವುದೂ ನರಸಿಂಹರಾಜು ಅವರ ಆಯ್ಕೆಯಾಗಿರಲಿಲ್ಲ. ಅವರ ಎಲ್ಲ ಪಾತ್ರಗಳೂ ಶ್ರೇಷ್ಠವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ, ತೇಪೆಗಳು ತೇಪೆಗಳೇ. ಆದರೆ ಅವುಗಳಿಂದ ಅವರ ಕಲೆಯನ್ನು ಅಳೆಯುವುದು ಅನ್ಯಾಯ. ಅವರ ಚಿತ್ರವನ್ನು ಇಡಿಯಾಗಿ, ಒಂದೊಂದನ್ನು ಬಿಡುವು ಕೊಟ್ಟು, ಸಾಧ್ಯವಾದರೆ ನಾಲ್ಕು ಜನರ ನಡುವೆ ಕುಳಿತು ನೋಡುವುದು ಅಭ್ಯಾಸಿಗಳಿಗೂ ರಸಿಕರಿಗೂ ಉಚಿತವಾದ ಕ್ರಮವೆಂದು ನಮ್ಮ ಅಭಿಪ್ರಾಯ. ಹಾಗೆ ನೋಡುವುದನ್ನು ‘ಸತ್ಯ ಹರಿಶ್ಚಂದ್ರ’ದಿಂದ ಆರಂಭಿಸಬಹುದು.